ಸನ್ಮಾನ ಸಾಮಗ್ರಿಯ ಒಂದು ಅಂಗಡಿ: ಶಾಲು ಚೆನ್ನ, ಪತ್ರ ಸಾಲದು

ಮಂಗಳೂರಿನ ಹಂಪನಕಟ್ಟೆಗೂ ರಥಬೀದಿಗೂ ನಡುವೆ, ಹಳೆಯ ಹಂಚಿನ ಕಟ್ಟಡವೊಂದರ ಮಾಳಿಗೆಯಲ್ಲಿ, ಸನ್ಮಾನಕ್ಕೆ ಬೇಕಾದ ಸಕಲ ಸಾಮಗ್ರಿಗಳನ್ನೂ ಒಂದೇ ಕಡೆ ಒದಗಿಸುವ ಅಂಗಡಿಯಿದೆ. ಶಾಲು, ಹಾರ, ಪೇಟ, ಹರಿವಾಣ, ಸ್ಮರಣಿಕೆ, ಚೌಕಟ್ಟು ಹಾಕಿದ ಸನ್ಮಾನ ಪತ್ರ, ವೇದಿಕೆಯ ಹಿಂದೆ ಕಟ್ಟುವ ಫ್ಲೆಕ್ಸ್, ಕೊನೆಗೆ ಗೌರವಧನವನ್ನು ಇಟ್ಟುಕೊಡುವ ಜರಿಯಂಚಿನ ಲಕೋಟೆ ಕೂಡ ಅಲ್ಲಿ ಸಿಗುತ್ತದೆ. ನಮ್ಮ ಸಾಹಿತ್ಯ ಸಂಘವು ಈ ವರ್ಷ ಬಂಟ್ವಾಳದ ಕಡೆಯ ಹಿರಿಯ ಕವಿಯೊಬ್ಬರನ್ನು ಗೌರವಿಸಲು ನಿಶ್ಚಯಿಸಿದಾಗ ಖರೀದಿಯ ಹೊಣೆಯನ್ನು ನಾನು ವಹಿಸಿಕೊಂಡಿದ್ದೆ. ಈ ವಿಮರ್ಶೆ ಆ ಅನುಭವದ ಮೇಲೆ ನಿಂತಿದೆ. ಅಂಗಡಿಯ ಹೆಸರನ್ನು ಬೇಕೆಂದೇ ಬರೆದಿಲ್ಲ. ಒಳ್ಳೆಯದರ ಜೊತೆಗೆ ಕೆಲವು ಕೊರತೆಗಳನ್ನೂ ಹೇಳಬೇಕಾಗಿದೆ, ಮತ್ತು ಆ ಕೊರತೆಗಳು ಕರಾವಳಿಯಲ್ಲಿ ಇಂಥ ವ್ಯಾಪಾರ ಮಾಡುವ ಎಲ್ಲರಿಗೂ, ಅವರಿಂದ ಕೊಳ್ಳುವ ನಮ್ಮಂಥವರಿಗೂ ಸಮಾನವಾಗಿ ಸೇರಿದವು.

ಅಂಗಡಿಯ ವ್ಯವಸ್ಥೆ ಅಚ್ಚುಕಟ್ಟಾಗಿದೆ. ಮಾಲೀಕರು ಸುಮಾರು ಅರುವತ್ತರ ಪ್ರಾಯದವರು, ಮಾತು ಕಡಿಮೆ, ಲೆಕ್ಕ ಚೊಕ್ಕ. ಯಾವ ಸಂಸ್ಥೆಯ ಕಾರ್ಯಕ್ರಮ, ಎಷ್ಟು ಮಂದಿ ಸನ್ಮಾನಿತರು, ಬಜೆಟ್ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಅವರು ಕುಳಿತಲ್ಲಿಂದಲೇ ಒಂದು ಪೂರ್ಣ ಸೆಟ್ಟನ್ನು ಮುಂದಿಡುತ್ತಾರೆ. ಸಾಧಾರಣ ಸೆಟ್ಟಿಗೆ 3,500 ರೂಪಾಯಿಯ ಆಸುಪಾಸು ಬೀಳುತ್ತದೆ. ಶಾಲು ಮತ್ತು ಸ್ಮರಣಿಕೆಯ ದರ್ಜೆ ಏರಿದ ಹಾಗೆ ಅದು ಇಮ್ಮಡಿಯೂ ಆಗಬಹುದು. ಸಹಕಾರಿ ಸಂಘಗಳ ವಾರ್ಷಿಕ ಸಭೆ, ಶಾಲೆಯ ವಾರ್ಷಿಕೋತ್ಸವ, ಬ್ರಹ್ಮಕಲಶೋತ್ಸವ, ಯಕ್ಷಗಾನದ ಬಯಲಾಟ, ಎಲ್ಲಕ್ಕೂ ಇಲ್ಲಿಂದ ಸಾಮಾನು ಹೋಗುತ್ತದೆ. ಕವಿಗಳಿಗೆಂದು ಕೊಳ್ಳುವವರು ಅವರ ಗಿರಾಕಿಗಳಲ್ಲಿ ಸಣ್ಣ ಪಾಲು ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಶಾಲಿನಿಂದ ಆರಂಭಿಸುತ್ತೇನೆ. 200 ರೂಪಾಯಿಯಿಂದ 2,500 ರೂಪಾಯಿಯವರೆಗಿನ ಶಾಲುಗಳು ಬಣ್ಣದ ಪ್ರಕಾರ ಜೋಡಿಸಿಟ್ಟಿವೆ, ಮುಟ್ಟಿ ನೋಡಲು ಬಿಡುತ್ತಾರೆ, ನೂಲಿನ ಬಗ್ಗೆ ಕೇಳಿದರೆ ಸುಳ್ಳು ಹೇಳುವುದಿಲ್ಲ. ಅಗ್ಗದವು ಪಾಲಿಯೆಸ್ಟರ್ ಎಂದು ಅವರೇ ಮೊದಲು ಹೇಳಿದರು. ಆದರೆ ಅಲ್ಲಿರುವ ಬಹುಪಾಲು ಶಾಲುಗಳು ಚಳಿಯ ಊರಿಗೆ ಹೇಳಿಮಾಡಿಸಿದವು. ಏಪ್ರಿಲ್ ತಿಂಗಳ ಮಂಗಳೂರಿನಲ್ಲಿ, ಪುರಭವನದಂಥ ತುಂಬಿದ ಸಭಾಂಗಣದ ವೇದಿಕೆಯ ದೀಪಗಳ ಕೆಳಗೆ, ಎಂಬತ್ತು ದಾಟಿದ ಹಿರಿಯರ ಹೆಗಲಿಗೆ ದಪ್ಪ ಉಣ್ಣೆಯ ಶಾಲನ್ನು ಹೊದಿಸಿ, ಆ ಮೇಲೆ ಮೂರು ಭಾಷಣಗಳನ್ನು ಕೇಳಿಸುವುದು ಗೌರವವೇ ಎಂದು ನನಗೆ ಪ್ರತಿ ಸಲವೂ ಅನ್ನಿಸುತ್ತದೆ. ಉಡುಪಿ ಸೀರೆಯನ್ನು ನೇಯುವ ಕೈಮಗ್ಗಗಳು ಇದೇ ಜಿಲ್ಲೆಗಳಲ್ಲಿರುವಾಗ ಹತ್ತಿಯ ಹೊದಿಕೆಗೆ ಕೊರತೆಯಾಗಬಾರದು. ಕೇಳಿದ ಮೇಲೆ ಕಪಾಟಿನ ಒಳಗಿನಿಂದ ತೆಳುವಾದ ಬಿಳಿ ಹತ್ತಿ ಶಾಲೊಂದನ್ನು, ಕಡುಗೆಂಪು ಅಂಚಿನದ್ದು, ತೆಗೆದುಕೊಟ್ಟರು. "ಇದನ್ನು ಯಾರೂ ಕೇಳುವುದಿಲ್ಲ ಸರ್, ಫೋಟೋದಲ್ಲಿ ಹೊಳೆಯುವುದಿಲ್ಲ" ಎಂದರು. ಅವರ ಅಂಗಡಿಯಲ್ಲಿ ನಾನು ಕಂಡ ಅತ್ಯುತ್ತಮ ವಸ್ತು ಅದೇ.

ಹೂವಿನ ಹಾರವನ್ನು ಅವರು ಇಟ್ಟುಕೊಳ್ಳುವುದಿಲ್ಲ. ಹಿಂದಿನ ದಿನ ಹೇಳಿದರೆ ಕಟ್ಟಿಸಿಕೊಡುತ್ತಾರೆ. ಶಂಕರಪುರ ಮಲ್ಲಿಗೆಯೇ ಬೇಕೆಂದರೆ ದರವನ್ನು ಮುಂಚಿತವಾಗಿ ಹೇಳಲು ಅವರಿಂದಾಗದು, ಯಾಕೆಂದರೆ ಅಟ್ಟೆ ಎಂಬ ನಾಲ್ಕು ಚೆಂಡಿನ ಅಳತೆಗೆ ಇಂದು ಇರುವ ಬೆಲೆ ಮದುವೆಯ ಮುಹೂರ್ತ ಕೂಡಿಬಂದ ನಾಳೆ ಎಲ್ಲಿಗೋ ಏರಿರುತ್ತದೆ. ಗಂಧದ ಹಾರವೆಂದು ಮಾರುವುದರಲ್ಲಿ ಗಂಧವಿಲ್ಲ, ಸುವಾಸನೆ ಹಾಕಿದ ಮರದ ಹೊಟ್ಟು ಎಂಬುದನ್ನು ಗಿರಾಕಿಗಳು ತಿಳಿದಿರಲಿ.

ತಲೆಗೆ ಏನು ಇಡಬೇಕು ಎಂಬುದರಲ್ಲಿ ಆಯ್ಕೆ ಎರಡು: ಮೈಸೂರು ಪೇಟ ಅಥವಾ ಅಡಿಕೆ ಹಾಳೆಯ ಮುಟ್ಟಾಳೆ. ಪೇಟದಲ್ಲಿ ಎರಡೇ ಅಳತೆ, ಹಾಗಾಗಿ ಒಬ್ಬರಿಗೆ ಕಿವಿಯ ತನಕ ಇಳಿಯುತ್ತದೆ, ಇನ್ನೊಬ್ಬರಿಗೆ ನೆತ್ತಿಯ ಮೇಲೆ ಕೂರುತ್ತದೆ. ಮುಟ್ಟಾಳೆ ತುಳು ಕಾರ್ಯಕ್ರಮಗಳಲ್ಲಿ ಈಗ ಹೆಚ್ಚು ಬಳಕೆಗೆ ಬಂದಿದೆ. ಹಗುರ, ತಂಪು, ನಮ್ಮ ತೋಟದ್ದೇ ವಸ್ತು. ಕವಿಯ ತಲೆಯ ಮೇಲೆ ಏನಾದರೂ ಇಟ್ಟು ಅವನನ್ನು ಮಾನ್ಯ ಮಾಡುವ ಪದ್ಧತಿ ಕನ್ನಡದ್ದು ಮಾತ್ರವಲ್ಲ. ಇಟಲಿಯ ಪೆಟ್ರಾರ್ಕನಿಗೆ 1341ರ ಏಪ್ರಿಲ್ 8ರಂದು ರೋಮಿನ ಕ್ಯಾಪಿಟೊಲಿನ್ ಗುಡ್ಡದ ಮೇಲೆ ಲಾರೆಲ್ ಎಲೆಗಳ ಕಿರೀಟವನ್ನು ತೊಡಿಸಿದ್ದರು. ಆ ಲಾರೆಲ್ ನಮ್ಮ ಘಟ್ಟದ ದಾಲ್ಚಿನ್ನಿಯ ಕುಟುಂಬಕ್ಕೇ ಸೇರಿದ ಮರ. ಪೆಟ್ರಾರ್ಕ ಆ ಕಿರೀಟವನ್ನು ಮನೆಗೆ ಕೊಂಡುಹೋಗದೆ ಸಂತ ಪೀಟರನ ದೇವಾಲಯಕ್ಕೆ ಹೋಗಿ ಅಲ್ಲಿ ಅರ್ಪಿಸಿದ. ಅವನಿಗೆ ಆ ಸೌಕರ್ಯವಿತ್ತು. ನಮ್ಮ ಹಿರಿಯ ಸಾಹಿತಿಗಳ ಮನೆಗಳಲ್ಲಿ ಸ್ಮರಣಿಕೆಗಳು ಕಪಾಟು ತುಂಬಿ, ಅಟ್ಟವೇರಿ, ಕೊನೆಗೆ ಮಂಚದ ಅಡಿಗೆ ಸೇರಿರುವುದನ್ನು ನೋಡಿದವರಿಗೆ ಪೆಟ್ರಾರ್ಕನ ಜಾಣತನ ಅರ್ಥವಾದೀತು.

ಈ ಸ್ಮರಣಿಕೆಗಳ ವಿಭಾಗವೇ ಅಂಗಡಿಯ ದೊಡ್ಡ ಆದಾಯ, ಆದ್ದರಿಂದ ದೊಡ್ಡ ಗೋಡೆಯನ್ನು ಅದಕ್ಕೇ ಬಿಟ್ಟಿದ್ದಾರೆ. ಅಕ್ರಿಲಿಕ್, ಎಂಡಿಎಫ್ (ಮರದ ನಾರನ್ನು ಒತ್ತಿ ಮಾಡಿದ ಹಲಗೆ), ಫೈಬರ್, ಹಿತ್ತಾಳೆಯ ಬಣ್ಣ ಬಳಿದ ತಗಡು, ಅಪರೂಪಕ್ಕೆ ನಿಜವಾದ ಮರ. ಲೇಸರ್ ಕೆತ್ತನೆಯ ಯಂತ್ರ ಅಂಗಡಿಯಲ್ಲಿಯೇ ಇದೆ, ಕೆಲಸ ನುಣುಪಾಗಿದೆ. ಎಂಡಿಎಫ್ ಫಲಕಗಳ ಬಗ್ಗೆ ಎಚ್ಚರಿಕೆ ಅಗತ್ಯ: ಅವು ನಮ್ಮ ಆಷಾಢದ ತೇವವನ್ನು ಹೀರಿ ಅಂಚಿನಲ್ಲಿ ಉಬ್ಬುತ್ತವೆ, ಒಂದೆರಡು ಮಳೆಗಾಲದ ನಂತರ ಅಂಟಿಸಿದ ಹಾಳೆ ಎದ್ದುಬರುತ್ತದೆ. ಯಕ್ಷಗಾನದ ಕಿರೀಟದ ಮಾದರಿಗಳು ಬಹಳ ಚೆಲುವಾಗಿವೆ, ಪ್ರಸಂಗಕರ್ತರಿಗೂ ಕಲಾವಿದರಿಗೂ ಅವು ಸಲ್ಲುತ್ತವೆ. ಸಾಹಿತಿಗಳಿಗೆಂದು ಅವರು ತೋರಿಸಿದ ಮಾದರಿ ಮಾತ್ರ ವಿಚಿತ್ರ: ತೆರೆದ ಪುಸ್ತಕ, ಪಕ್ಕದಲ್ಲಿ ಶಾಯಿ ಕುಡಿಕೆ, ಅದರಲ್ಲಿ ಹಕ್ಕಿಯ ಗರಿಯ ಲೇಖನಿ. ಕನ್ನಡದಲ್ಲಿ ಯಾವ ಕವಿ ಹಕ್ಕಿಯ ಗರಿಯಲ್ಲಿ ಬರೆದ? ನಮ್ಮವರದ್ದು ತಾಳೆಗರಿ ಮತ್ತು ಅದರ ಮೇಲೆ ಕೊರೆದು ಬರೆಯುವ ಕಬ್ಬಿಣದ ಲೇಖನಿಯಾದ ಕಂಠ. ಈ ಮಾತನ್ನು ಮಾಲೀಕರು ಗಂಭೀರವಾಗಿ ತೆಗೆದುಕೊಂಡರು ಎಂಬುದನ್ನು ಅವರ ಪರವಾಗಿ ದಾಖಲಿಸಬೇಕು. ತಾಳೆಗರಿಯ ಕಟ್ಟು ಮತ್ತು ಕಂಠದ ಚಿತ್ರವನ್ನು ಹಲಸಿನ ಮರದ ಸಣ್ಣ ಫಲಕದ ಮೇಲೆ ಕೆತ್ತಿಸಿಕೊಟ್ಟರು, ಹೆಚ್ಚುವರಿ ಹಣವನ್ನೂ ಕೇಳಲಿಲ್ಲ.

ಅಲ್ಲಿಂದ ಬಿರುದುಗಳ ವಿಷಯ. ಮೇಜಿನ ಮೇಲೆ ನೋಟ್ ಪುಸ್ತಕವೊಂದಿದೆ. ಅದರಲ್ಲಿ ಕ್ಷೇತ್ರವಾರಾಗಿ ಬಿರುದುಗಳನ್ನು ಬರೆದಿಟ್ಟಿದ್ದಾರೆ: ಸಾಹಿತ್ಯಕ್ಕೆ ಇಷ್ಟು, ಸಮಾಜಸೇವೆಗೆ ಇಷ್ಟು, ಕಲೆಗೆ ಇಷ್ಟು. ಕಾವ್ಯಶ್ರೀ, ಸಾಹಿತ್ಯರತ್ನ, ಕವಿಭೂಷಣ ಎಂದು ಸಾಲುಸಾಲಾಗಿ ಇರುವ ಪುಟವನ್ನು ತೆರೆದು, "ಬಿರುದು ಉಂಟಾ ಸರ್? ಇಲ್ಲದಿದ್ದರೆ ಇದರಲ್ಲಿ ಒಂದು ನೋಡಿ" ಎಂದು ಮುಂದಿಟ್ಟರು. ನಗು ಬಂದದ್ದು ನಿಜ. ಆದರೆ ಆ ಪುಸ್ತಕವನ್ನು ಅವರು ತಾವಾಗಿ ಬರೆದದ್ದಲ್ಲ, ಸಂಘಸಂಸ್ಥೆಗಳು ಕೇಳಿ ಕೇಳಿ ಬರೆಯಿಸಿದ್ದು.

ಕನ್ನಡದಲ್ಲಿ ಬಿರುದಿಗೆ ಒಂದು ತೂಕವಿದ್ದ ಕಾಲವನ್ನು ನೆನೆಯದೆ ಈ ಪುಟವನ್ನು ಓದಲಾಗದು. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನು ಪೊನ್ನನಿಗೆ 'ಉಭಯಕವಿಚಕ್ರವರ್ತಿ' ಎಂಬ ಬಿರುದನ್ನು ಕೊಟ್ಟಾಗ ಆ 'ಉಭಯ'ಕ್ಕೆ ಕಾರಣವಿತ್ತು: ಆತ ಕನ್ನಡ, ಸಂಸ್ಕೃತ ಎರಡರಲ್ಲೂ ಸಮರ್ಥ. ರನ್ನನಿಗೆ ಚಾಲುಕ್ಯ ತೈಲಪನಿಂದ, ಜನ್ನನಿಗೆ ಹೊಯ್ಸಳ ವೀರಬಲ್ಲಾಳನಿಂದ ಕವಿಚಕ್ರವರ್ತಿ ಪದವಿ ಬಂತು. ಇಷ್ಟು ಶತಮಾನಗಳ ನಡುವೆ ಆ ಪದವಿಗೆ ಹೆಸರಾದವರನ್ನು ಬೆರಳಲ್ಲಿ ಎಣಿಸಬಹುದು. ಆಧುನಿಕ ಕಾಲದಲ್ಲಿ 'ರಾಷ್ಟ್ರಕವಿ' ಎಂಬುದನ್ನೂ ಕನ್ನಡ ಹಾಗೆಯೇ ಜಿಪುಣತನದಿಂದ ಬಳಸಿತು: ಮಂಜೇಶ್ವರದ ಗೋವಿಂದ ಪೈಗಳಿಗೆ 1949ರಲ್ಲಿ, ಕುವೆಂಪು ಅವರಿಗೆ 1964ರಲ್ಲಿ, ಜಿ.ಎಸ್. ಶಿವರುದ್ರಪ್ಪನವರಿಗೆ 2006ರಲ್ಲಿ. ಮೂರು ಹೆಸರುಗಳ ನಡುವೆ ಅರ್ಧ ಶತಮಾನಕ್ಕಿಂತ ಹೆಚ್ಚು ಕಾಲ.

ಈ ಮೂವರಲ್ಲಿ ಮೊದಲಿಗರಿಗೆ ಆ ಬಿರುದು ಬಂದ ದಾರಿ ಕರಾವಳಿಯವರಾದ ನಮಗೆ ವಿಶೇಷವಾಗಿ ಗೊತ್ತಿರಬೇಕಾದದ್ದು. ಗೋವಿಂದ ಪೈಗಳನ್ನು ರಾಷ್ಟ್ರಕವಿಯೆಂದು ಗೌರವಿಸಿದ್ದು ಮೈಸೂರು ಸರಕಾರವಲ್ಲ, ಮದರಾಸು ಸರಕಾರ. ಯಾಕೆಂದರೆ ದಕ್ಷಿಣ ಕನ್ನಡ ಆಗ ಮದರಾಸಿಗೆ ಸೇರಿತ್ತು. ಅದೇ ಕಾಲಕ್ಕೆ ತಮಿಳಿನಲ್ಲಿ ನಾಮಕ್ಕಲ್ ರಾಮಲಿಂಗಂ ಪಿಳ್ಳೆಯವರಿಗೂ ಮಲೆಯಾಳದಲ್ಲಿ ವಳ್ಳತ್ತೋಳರಿಗೂ ಆ ಸರಕಾರದಿಂದ ಇಂಥದೇ ಗೌರವ ಸಂದಿತು. ಏಳು ವರ್ಷಗಳ ಬಳಿಕ, 1956ರ ನವೆಂಬರ್ 1ರಂದು, ರಾಜ್ಯಗಳ ಗಡಿ ಬದಲಾಗಿ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕವಿಯ ಊರು ಮಂಜೇಶ್ವರ ಕೇರಳಕ್ಕೆ ಹೋಯಿತು. ಬಿರುದು ಕೊಟ್ಟ ಮದರಾಸು ಒಂದು ಕಡೆ, ಕವಿಯ ಮನೆ ಮತ್ತೊಂದು ರಾಜ್ಯದಲ್ಲಿ, ಓದುಗರು ಮೂರನೆಯದರಲ್ಲಿ. ಆದರೂ ಬಿರುದು ಉಳಿಯಿತು. 1963ರಲ್ಲಿ ಅವರು ತೀರಿಕೊಂಡ ಮೇಲೆ ಅವರ ಅಪಾರ ಗ್ರಂಥಸಂಗ್ರಹ ಉಡುಪಿಯ ಎಂ.ಜಿ.ಎಂ. ಕಾಲೇಜಿಗೆ ಬಂದು, ಅವರ ಹೆಸರಿನ ಸಂಶೋಧನ ಕೇಂದ್ರ ಅಲ್ಲಿ ಬೆಳೆಯಿತು. ಬಿರುದು ಉಳಿಯಲು ಸರಕಾರದ ಆಜ್ಞೆಗಿಂತ ಈ ಎರಡನೆಯ ಕೆಲಸ ಹೆಚ್ಚು ಕಾರಣ ಎಂಬುದು ನನ್ನ ಅಭಿಪ್ರಾಯ.

ಆದ್ದರಿಂದ ನೋಟ್ ಪುಸ್ತಕದಿಂದ ನಾವು ಬಿರುದನ್ನು ಆರಿಸಲಿಲ್ಲ. ಫಲಕದಲ್ಲಿ ಹೆಸರು ಮಾತ್ರ ಸಾಕು ಎಂದಾಗ ಮಾಲೀಕರು, ಜಾಗ ಖಾಲಿ ಕಾಣುತ್ತದೆ ಎಂದು ಅನುಮಾನಿಸಿದರು.

ಇನ್ನು ಸನ್ಮಾನ ಪತ್ರ. ಈ ಅಂಗಡಿಯ ಬಗ್ಗೆ ನನಗಿರುವ ಮುಖ್ಯ ಆಕ್ಷೇಪ ಇಲ್ಲಿದೆ, ಸ್ವಲ್ಪ ವಿವರವಾಗಿ ಹೇಳಬೇಕಾಗುತ್ತದೆ. ಸನ್ಮಾನ ಪತ್ರದ ಒಕ್ಕಣೆಯ ಬಗ್ಗೆ ಕೇಳಿದರೆ ಸಿಗುವ ಉತ್ತರ: "ನೀವು ಹೆಸರು, ಊರು, ಫೋಟೋ ಕಳಿಸಿ ಸರ್, ಮ್ಯಾಟರ್ ನಮ್ಮಲ್ಲಿ ಉಂಟು." ಆ ಮ್ಯಾಟರನ್ನು ನೋಡಿದೆ. ಅನರ್ಘ್ಯ ರತ್ನ, ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಕನ್ನಡಾಂಬೆಯ ಹೆಮ್ಮೆಯ ಕುವರ, ತಮ್ಮ ಸೇವೆಯನ್ನು ಎಷ್ಟು ಹೊಗಳಿದರೂ ಕಡಿಮೆಯೇ ಎಂಬ ನಾಲ್ಕು ಖಂಡಿಕೆಗಳು. 'ಸಾಹಿತ್ಯ ಕ್ಷೇತ್ರ' ಎಂಬಲ್ಲಿ 'ಸಹಕಾರ ಕ್ಷೇತ್ರ' ಎಂದು ಬದಲಾಯಿಸಿದರೆ ಅದೇ ಪತ್ರ ಬ್ಯಾಂಕಿನ ಅಧ್ಯಕ್ಷರಿಗೂ ಒಪ್ಪುತ್ತದೆ. ಗೋಡೆಗೆ ಒರಗಿಸಿಟ್ಟಿದ್ದ, ಸಾಗಿಸಲು ಸಿದ್ಧವಾಗಿದ್ದ ಚೌಕಟ್ಟೊಂದರಲ್ಲಿ ಅಂಥದ್ದೇ ಪತ್ರವನ್ನು ಕಂಡೆ. ಕವಿಯ ಒಂದು ಕೃತಿಯ ಹೆಸರೂ ಇಲ್ಲದ, ಒಂದು ಸಾಲನ್ನೂ ಎತ್ತಿಕೊಳ್ಳದ ಸನ್ಮಾನ ಪತ್ರವನ್ನು ಚಿನ್ನದ ಅಂಚಿನ ಚೌಕಟ್ಟಿನಲ್ಲಿ ಕೊಡುವುದೆಂದರೆ ಎಲೆ ತುಂಬ ಉಪ್ಪಿನಕಾಯಿ, ಚಟ್ನಿ, ಹಪ್ಪಳ ಬಡಿಸಿ ಅನ್ನವನ್ನು ಮರೆತಂತೆ.

ಹಿಂದಿನವರು ಇದನ್ನು ಹೇಗೆ ಮಾಡಿದ್ದರು ಎಂಬುದಕ್ಕೆ ಸಾಕ್ಷಿ ಕಲ್ಲಿನ ಮೇಲಿದೆ. ಪಂಪನು 941ರಲ್ಲಿ ಭಾರತವನ್ನು ಕನ್ನಡಿಸಿ ಮುಗಿಸಿದಾಗ ವೇಮುಲವಾಡದ ಅರಿಕೇಸರಿ ಅವನಿಗೆ ಧರ್ಮವುರ ಎಂಬ ಅಗ್ರಹಾರವನ್ನು ದತ್ತಿ ಕೊಟ್ಟ. ಈಗ ತೆಲಂಗಾಣಕ್ಕೆ ಸೇರಿದ ಕರೀಂನಗರದ ಸೀಮೆಯ ಕುರಿಕ್ಯಾಲದ ಬಂಡೆಯ ಮೇಲೆ ಪಂಪನ ತಮ್ಮ ಜಿನವಲ್ಲಭ ಕನ್ನಡ, ಸಂಸ್ಕೃತ, ತೆಲುಗುಗಳಲ್ಲಿ ಬರೆಯಿಸಿದ ಶಾಸನ ಆ ಮನೆತನದ ಹಿನ್ನೆಲೆಯನ್ನೂ ಕವಿಗೆ ದೊರೆತ ಊರನ್ನೂ ಹೇಳುತ್ತದೆ. ಅದನ್ನು ಇನ್ನೊಬ್ಬ ಕವಿಯ ಹೆಸರಿಗೆ ತಿದ್ದಿ ಕೊಡಲು ಸಾಧ್ಯವಿಲ್ಲ. ಸನ್ಮಾನ ಪತ್ರವನ್ನು ಪರೀಕ್ಷಿಸಲು ನನಗೆ ಗೊತ್ತಿರುವ ಒಂದೇ ಅಳತೆ ಇದು: ಹೆಸರನ್ನು ಬೆರಳಿನಿಂದ ಮುಚ್ಚಿ ಓದಿದಾಗ ಇದು ಯಾರ ಬಗ್ಗೆ ಎಂದು ಊರಿನ ಓದುಗನಿಗೆ ಗೊತ್ತಾಗಬೇಕು. ಗೋವಿಂದ ಪೈಗಳ ಬಗ್ಗೆ ಬರೆಯುವುದಾದರೆ, ಪ್ರತಿ ಸಾಲಿನ ಎರಡನೆಯ ಅಕ್ಷರಕ್ಕೆ ಕಟ್ಟಿಹಾಕುತ್ತಿದ್ದ ಪ್ರಾಸವನ್ನು ಬಿಟ್ಟು ಪದ್ಯ ಬರೆಯಲು ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಧೈರ್ಯ ಮಾಡಿದವರು ಎಂಬ ಒಂದು ವಾಕ್ಯ, ಹತ್ತು 'ಅನರ್ಘ್ಯ ರತ್ನ'ಗಳಿಗಿಂತ ಮೇಲು.

ನಮ್ಮ ಪತ್ರವನ್ನು ನಾವೇ ಬರೆದೆವು. ಸನ್ಮಾನಿತರು ನೇತ್ರಾವತಿಯ ಕಡವಿನ ದೋಣಿಯವರ ಬಗ್ಗೆ ಬರೆದ ಪದ್ಯವನ್ನು, ಸೇತುವೆ ಬಂದ ಮೇಲೆ ಕೆಲಸ ಕಳೆದುಕೊಂಡವನ ಮಾತು ಅದರಲ್ಲಿ ಹೇಗೆ ಬಂದಿದೆ ಎಂಬುದನ್ನು, ಮೂವತ್ತು ವರ್ಷ ಶಾಲೆಯಲ್ಲಿ ಕಲಿಸುತ್ತ ತನ್ನ ಪದ್ಯವನ್ನು ಒಮ್ಮೆಯೂ ತರಗತಿಯಲ್ಲಿ ಓದದ ಅವರ ಸಂಕೋಚವನ್ನು ಬರೆದೆವು. ಸಂಘದಲ್ಲಿ ಇದಕ್ಕೆ ವಿರೋಧವೂ ಬಂತು. ಪತ್ರದಲ್ಲಿ ಹೊಗಳಿಕೆ ಕಡಿಮೆಯಾಯಿತು, ಕೇಳುವವರಿಗೆ ಸಪ್ಪೆಯಾಗುತ್ತದೆ ಎಂದು ಒಬ್ಬರು. ಕರಾವಳಿಯ ಸಭೆಗಳಲ್ಲಿ ಸನ್ಮಾನ ಪತ್ರವನ್ನು ಎದ್ದು ನಿಂತು ಗಟ್ಟಿಯಾಗಿ ಓದುವ ಕ್ರಮ ಇನ್ನೂ ಇರುವುದರಿಂದ ಈ ಮಾತನ್ನು ತಳ್ಳಿಹಾಕುವಂತಿರಲಿಲ್ಲ. ಕೊನೆಗೆ ಕವಿಯ ಪದ್ಯದ ಎಂಟು ಸಾಲನ್ನು ಪತ್ರದಲ್ಲಿಯೇ ಸೇರಿಸಿ, ಓದುವವರು ಅದನ್ನು ರಾಗವಾಗಿ ಹೇಳುವುದೆಂದು ತೀರ್ಮಾನವಾಯಿತು.

ಮುದ್ರಣದ ಹಂತದಲ್ಲಿ ಅಂಗಡಿಯ ಎರಡನೆಯ ಕೊರತೆ ಕಾಣಿಸಿತು. ನಾವು ಕಳಿಸಿದ ಬರಹ ಯೂನಿಕೋಡ್‌ನಲ್ಲಿತ್ತು, ಅವರ ವಿನ್ಯಾಸದ ತಂತ್ರಾಂಶ ಹಳೆಯ ಕೋರೆಲ್ ಡ್ರಾ, ಅಕ್ಷರಗಳು 'ನುಡಿ' ಎಂಬ ಕನ್ನಡ ತಂತ್ರಾಂಶದ ಹಳೆಯ ಆವೃತ್ತಿಯವು. ಒಂದರಿಂದ ಇನ್ನೊಂದಕ್ಕೆ ಸಾಗುವಾಗ ಒತ್ತಕ್ಷರಗಳು ಕಳಚಿ ಪಕ್ಕಕ್ಕೆ ಬಿದ್ದಿದ್ದವು, ಅರ್ಕಾವತ್ತುಗಳು ಸ್ಥಾನ ಬದಲಿಸಿದ್ದವು, 'ನೇತ್ರಾವತಿ' ಗುರುತು ಸಿಗದಂತಾಗಿತ್ತು. ವಾಟ್ಸ್ಆ್ಯಪ್‌ನಲ್ಲಿ ಕಳಿಸಿದ ಕರಡನ್ನು ಕಣ್ಣಾಡಿಸಿ 'ಓಕೆ' ಎಂದುಬಿಟ್ಟರೆ ಅದೇ ಚೌಕಟ್ಟಿಗೆ ಹೋಗುತ್ತಿತ್ತು. ಕಂಪ್ಯೂಟರಿನ ಮುಂದಿದ್ದ ಹುಡುಗ ತಾಳ್ಮೆಯವನು, ತಿದ್ದಿದ್ದನ್ನೆಲ್ಲ ಬೇಸರವಿಲ್ಲದೆ ಮತ್ತೆ ಹಾಕಿಕೊಟ್ಟ. ಆದರೆ ಕನ್ನಡದ ಕವಿಗಳಿಗೆ ಪತ್ರ ಮುದ್ರಿಸುವ ಅಂಗಡಿ ಯೂನಿಕೋಡ್ ಅಕ್ಷರಗಳಿಗೆ ಬದಲಾಗದೆ ಇಷ್ಟು ವರ್ಷ ಕಳೆದದ್ದಕ್ಕೆ ಸಮಜಾಯಿಷಿ ಇಲ್ಲ. ಇಲ್ಲಿಗೆ ಹೋಗುವವರು ಕರಡನ್ನು ಮೊಬೈಲಿನಲ್ಲಿ ನೋಡದೆ ಕಾಗದದ ಮೇಲೆ ಮುದ್ರಿಸಿಕೊಂಡು ಅಕ್ಷರ ಅಕ್ಷರವಾಗಿ ಓದಬೇಕು. ಗಾಜಿನ ಚೌಕಟ್ಟಿಗೆ ಹಿಂಬದಿಯಿಂದ ತೇವ ಹೋಗದಂತೆ ಟೇಪು ಹಾಕಿಸುವುದನ್ನೂ ಮರೆಯಬಾರದು. ಕೇಳಿದರೆ ಮಾಡಿಕೊಡುತ್ತಾರೆ, ಕೇಳದಿದ್ದರೆ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ.

ಜರಿಯಂಚಿನ ಲಕೋಟೆಯ ಬಗ್ಗೆಯೂ ಒಂದು ಮಾತು. ಅದರಲ್ಲಿ ಮೂರು ಅಳತೆಗಳಿವೆ, ಎಲ್ಲವೂ ಚಿಕ್ಕವೇ, ಒಳಗೆ ಇಡುವ ಮೊತ್ತವೂ ಸಾಮಾನ್ಯವಾಗಿ ಅದಕ್ಕೆ ತಕ್ಕ ಹಾಗೆ ಇರುತ್ತದೆ. ಪಂಪನಿಗೆ ಊರನ್ನೇ ಕೊಟ್ಟದ್ದು ಅವನು ಬರೆದು ಬದುಕಲಿ ಎಂದು. ಇಂಗ್ಲೆಂಡಿನಲ್ಲಿ 1668ರಲ್ಲಿ ಡ್ರೈಡನ್ನಿನಿಂದ ಅಧಿಕೃತವಾಗಿ ಆರಂಭವಾದ ಆಸ್ಥಾನಕವಿಯ ಪದವಿಗೆ ವರ್ಷಾಶನವೂ ಒಂದು ಪೀಪಾಯಿ ದ್ರಾಕ್ಷಾಮದ್ಯವೂ ಸಲ್ಲುತ್ತಿದ್ದವು. 1790ರಲ್ಲಿ ಆ ಸ್ಥಾನಕ್ಕೆ ಬಂದ ಹೆನ್ರಿ ಪೈ ಎಂಬಾತ ಮದ್ಯದ ಬದಲು ರೊಕ್ಕವನ್ನೇ ಪಡೆದ. ಅವನ ಹೆಸರು ಇಂದು ಉಳಿದಿರುವುದು ಈ ಲೆಕ್ಕಾಚಾರದಿಂದ ಮತ್ತು ಪದ್ಯಗಳ ಕಳಪೆತನದಿಂದ. ಅಲ್ಲಿ ಆಸ್ಥಾನಕವಿ ಅರಮನೆಯ ಹುಟ್ಟುಹಬ್ಬಕ್ಕೂ ಮದುವೆಗೂ ಪದ್ಯ ಹೊಸೆಯಬೇಕಿತ್ತು. 1999ರಿಂದ ಅದು ಜೀವಮಾನದ ಪದವಿಯಾಗಿ ಉಳಿಯದೆ ಹತ್ತು ವರ್ಷದ್ದಾಗಿದೆ. ನಮ್ಮ ರಾಷ್ಟ್ರಕವಿ ಪದವಿಯಲ್ಲಿ ಅಂಥ ಕರ್ತವ್ಯವೂ ಇಲ್ಲ, ಅವಧಿಯೂ ಇಲ್ಲ, ಇದು ಒಳ್ಳೆಯದೇ. ಗೌರವ ಪಡೆದವನ ನಾಲಿಗೆಗೆ ಕಟ್ಟು ಬೀಳಬಾರದು. ತುರ್ತುಪರಿಸ್ಥಿತಿಯ ಕಾಲದಲ್ಲಿ ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ಅದರಿಂದ ಅವರ ಮಾನ ಕೋಟದಲ್ಲಾಗಲಿ ಪುತ್ತೂರಿನಲ್ಲಾಗಲಿ ಕೂದಲೆಳೆಯಷ್ಟೂ ಕುಂದಲಿಲ್ಲ.

ಸನ್ಮಾನವೇ ಇಲ್ಲದೆ ಹೋದವರ ಪಟ್ಟಿಯೂ ನಮ್ಮ ಜಿಲ್ಲೆಗಳಲ್ಲಿ ಸಣ್ಣದಲ್ಲ. ಮೂಡುಬಿದಿರೆಯ ರತ್ನಾಕರವರ್ಣಿ ತನ್ನ ಕಾವ್ಯವನ್ನು ಆನೆಯ ಮೇಲೆ ಮೆರವಣಿಗೆ ಮಾಡಿಸಬೇಕೆಂದು ಕೇಳಿದಾಗ, ಕೆಲವು ಪದ್ಯಗಳು ಶಾಸ್ತ್ರಕ್ಕೆ ಒಪ್ಪುವುದಿಲ್ಲವೆಂದು ಜೈನ ಮಠದ ಭಟ್ಟಾರಕರು ನಿರಾಕರಿಸಿದರು, ಕವಿ ಮುನಿದು ಮತವನ್ನೇ ಬಿಟ್ಟ ಎಂಬ ಐತಿಹ್ಯವಿದೆ. ಐತಿಹ್ಯವನ್ನು ಎಷ್ಟು ನಂಬಬೇಕೋ ಅಷ್ಟೇ ನಂಬಿದರೂ, ಆ ಕವಿ ಕೇಳಿದ್ದು ತನಗೆ ಶಾಲನ್ನಲ್ಲ, ಕಾವ್ಯಕ್ಕೆ ಮೆರವಣಿಗೆಯನ್ನು ಎಂಬುದು ಗಮನಿಸತಕ್ಕದ್ದು. ನಂದಳಿಕೆಯ ಲಕ್ಷ್ಮೀನಾರಣಪ್ಪನ ಕಥೆ ಇನ್ನೂ ಹತ್ತಿರದ್ದು. ಉಡುಪಿಯ ಶಾಲೆಯಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದ ಆತ ಹಳಗನ್ನಡದಲ್ಲಿ ಬರೆದದ್ದನ್ನು, ಇದು ಮುದ್ದಣನೆಂಬ ಹಿಂದಿನ ಕವಿಯದ್ದು ಎಂಬ ಭಾವನೆ ಬರುವಂತೆ ಮೈಸೂರಿನ ಪತ್ರಿಕೆಗೆ ಕಳಿಸಿದ. ಹೊಸಬನ ಹೆಸರಿದ್ದರೆ ಯಾರು ಓದುತ್ತಾರೆ ಎಂಬ ಅಳುಕು. 1901ರಲ್ಲಿ, ಮುವತ್ತೊಂದರ ಪ್ರಾಯದಲ್ಲಿ, ಬಡತನದಲ್ಲಿ, ಕ್ಷಯದಿಂದ ತೀರಿಕೊಂಡ. ಅವನ ಹೆಸರಿನ ಪ್ರಶಸ್ತಿಗಳು ಆ ಮೇಲೆ ಬಂದವು. ಕಾರ್ಕಳದ ಬಳಿಯ ಕಾಂತಾವರದ ಕನ್ನಡ ಸಂಘವು ಮುದ್ದಣನ ಹೆಸರಿನ ಕಾವ್ಯ ಪ್ರಶಸ್ತಿಯನ್ನು ಅಚ್ಚಾಗದ ಹಸ್ತಪ್ರತಿಗೆ ಕೊಡುವ ಕ್ರಮವಿಟ್ಟುಕೊಂಡದ್ದರಲ್ಲಿ ಆ ಕಥೆಗೆ ಸಲ್ಲುವ ಔಚಿತ್ಯವಿದೆ. ಅದೇ ಸಂಘ 'ನಾಡಿಗೆ ನಮಸ್ಕಾರ' ಎಂಬ ಮಾಲೆಯಲ್ಲಿ ಈ ಸೀಮೆಯ ಸಾಧಕರ ಬಗ್ಗೆ ಕಿರುಹೊತ್ತಗೆಗಳನ್ನು ತಂದಿದೆ. ಶಾಲಿಗಿಂತ ಹೆಚ್ಚು ಕಾಲ ಬಾಳುವ ಸನ್ಮಾನ ಅದು.

ಇದರಿಂದ ನನ್ನ ಕೊನೆಯ ಆಕ್ಷೇಪಕ್ಕೆ ಬರುತ್ತೇನೆ. ಕವಿಯನ್ನು ಗೌರವಿಸಲು ಬೇಕಾದ ಎಲ್ಲವನ್ನೂ ಮಾರುವ ಈ ಅಂಗಡಿಯಲ್ಲಿ ಒಂದೇ ಒಂದು ಪುಸ್ತಕ ಸಿಗುವುದಿಲ್ಲ. ಪುಸ್ತಕದ ಆಕಾರದ ಫಲಕಗಳು ಮಾತ್ರ ಇವೆ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಯಿಸಿ ಹಂಚಿದಳು ಎಂಬುದನ್ನು ಶಾಲೆಯಲ್ಲಿ ಓದಿದ ನಾವು, ಒಬ್ಬ ಕವಿಗೆ 2,000 ರೂಪಾಯಿಯ ಫಲಕ ಕೊಡುವಾಗ ಅವನ ಹತ್ತು ಪ್ರತಿಗಳನ್ನು ಕೊಂಡು ಸಭೆಯಲ್ಲಿ ಹಂಚುವ ಯೋಚನೆ ಮಾಡುವುದಿಲ್ಲ. ಅತ್ತಿಮಬ್ಬೆಯ ಕಾಲದಲ್ಲಿ ಪ್ರತಿಯೊಂದನ್ನೂ ತಾಳೆಗರಿಯ ಮೇಲೆ ಕೈಯಲ್ಲಿ ಬರೆಯಬೇಕಿತ್ತು. ಈಗ ಫೋನು ಮಾಡಿದರೆ ಪ್ರಕಾಶಕರು ರಿಯಾಯಿತಿಯಲ್ಲಿ ಕಳಿಸುತ್ತಾರೆ. ನಾವು ದೊಡ್ಡ ಸ್ಮರಣಿಕೆಯನ್ನು ಬಿಟ್ಟು ಸಣ್ಣ ಹಲಸಿನ ಫಲಕಕ್ಕೆ ಇಳಿದು, ಉಳಿದ ಹಣದಲ್ಲಿ ಕವಿಯ ಸಂಕಲನವನ್ನು ಕೊಂಡು ಮೊದಲ ಎರಡು ಸಾಲಿನಲ್ಲಿ ಕುಳಿತವರಿಗೆ ಕೊಟ್ಟೆವು. ಸಭೆ ಮುಗಿದ ಮೇಲೆ ಹರಿವಾಣದ ಹಣ್ಣನ್ನು ಬದಿಗಿಟ್ಟು ಕವಿ ಆ ಪ್ರತಿಗಳಿಗೆ ಸಹಿ ಹಾಕುತ್ತ ಬಹಳ ಹೊತ್ತು ಕುಳಿತರು. ಅಂಗಡಿಯವರು ಸ್ಥಳೀಯ ಪುಸ್ತಕದಂಗಡಿಯೊಂದರ ಜೊತೆ ಮಾತಾಡಿಕೊಂಡು ಸೆಟ್ಟಿನಲ್ಲಿಯೇ ಪುಸ್ತಕವನ್ನು ಸೇರಿಸಬಹುದಲ್ಲವೇ ಎಂದು ಸೂಚಿಸಿದ್ದೇನೆ. "ಕೇಳುವವರಿದ್ದರೆ ಇಡುವುದಕ್ಕೆ ನಮಗೆ ಎಂತ ತೊಂದರೆ ಸರ್" ಎಂದಿದ್ದಾರೆ. ಕೇಳಬೇಕಾದವರು ನಾವು.

ಒಟ್ಟಿನಲ್ಲಿ ಸಾಮಗ್ರಿಗೆ, ಪ್ರಾಮಾಣಿಕತೆಗೆ, ಹೇಳಿದ ಹೊತ್ತಿಗೆ ತಲುಪಿಸುವುದಕ್ಕೆ ಈ ಅಂಗಡಿಗೆ ಐದರಲ್ಲಿ ನಾಲ್ಕು ಅಂಕ ಕೊಡುತ್ತೇನೆ. ಸನ್ಮಾನ ಪತ್ರದ ಒಕ್ಕಣೆಗೆ ಒಂದು, ಅದೂ ಆ ಹುಡುಗನ ತಾಳ್ಮೆಗಾಗಿ. ಹತ್ತಿಯ ಶಾಲು, ಮುಟ್ಟಾಳೆ, ಮರದ ಫಲಕ, ಇವನ್ನು ಧೈರ್ಯವಾಗಿ ಇಲ್ಲಿಂದ ಕೊಳ್ಳಬಹುದು. ಪತ್ರದ ಬರಹವನ್ನು ಕವಿಯನ್ನು ಓದಿದ ಒಬ್ಬರಿಂದ ಮೊದಲೇ ಬರೆಯಿಸಿಕೊಂಡು ಹೋಗಿ. ನವೆಂಬರಿನಲ್ಲಿ ಕೆಲಸವಿದ್ದರೆ ಅಕ್ಟೋಬರ್ ಮೊದಲ ವಾರದಲ್ಲಿಯೇ ಮುಂಗಡ ಕೊಡುವುದು ಕ್ಷೇಮ. ರಾಜ್ಯೋತ್ಸವದ ಪ್ರಶಸ್ತಿಗಳು 2023ರಲ್ಲಿ 68, 2024ರಲ್ಲಿ 69 ಎಂದು ರಾಜ್ಯದ ವಯಸ್ಸಿನ ಜೊತೆಗೇ ಬೆಳೆಯುತ್ತಿವೆ, ಜಿಲ್ಲೆಯವು, ತಾಲೂಕಿನವು, ಸಂಘಗಳವು ಬೇರೆ, ಆ ತಿಂಗಳಲ್ಲಿ ಅಂಗಡಿಯ ಮೆಟ್ಟಿಲ ಮೇಲೂ ನಿಲ್ಲಲು ಜಾಗವಿರುವುದಿಲ್ಲ. ಭಾನುವಾರ ಮಧ್ಯಾಹ್ನದವರೆಗೆ ತೆರೆದಿರುತ್ತದೆ, ವಾಹನವನ್ನು ದೂರದಲ್ಲಿ ನಿಲ್ಲಿಸಿ ನಡೆದು ಬರಬೇಕು.